ತಾಳ್ಮೆ ಬೆಂಕಿಯಾಗುವ ಬಗೆ: ಅಮೆರಿಕದ ಕೊರಿಯನ್ ಹಿರಿಯರ ಮೌನ ಮತ್ತು ಮಾತು

‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ನಾವು ಮಠದ ಪಾಠಶಾಲೆಯಲ್ಲಿ ಅಕ್ಷರಾಭ್ಯಾಸದ ಜೊತೆಗೇ ಕಲಿತೆವು. ಹಸಿವನ್ನು ತಾಳುವುದು, ಗುರುಗಳ ಗದರಿಕೆಯನ್ನು ತಾಳುವುದು, ಸಹಪಾಠಿಗಳ ಕೀಟಲೆಯನ್ನು ತಾಳುವುದು ಇವೆಲ್ಲವೂ ಅಂದಿನ ವಿದ್ಯಾರ್ಥಿಜೀವನದ ಅಂಗಗಳೇ ಆಗಿದ್ದವು. ಆ ಶಿಕ್ಷಣದಿಂದ ನಮಗೆ ಒಳಿತೇ ಆಗಿದೆಯೆಂದು ಇಂದಿಗೂ ನಂಬಿದ್ದೇವೆ. ಆದರೆ ಅರವತ್ತನ್ನು ದಾಟಿದ ಮೇಲೆ ಒಂದು ಪ್ರಶ್ನೆ ನಮ್ಮನ್ನು ಆಗಾಗ ಕಾಡತೊಡಗಿದೆ. ಹಸಿವನ್ನು ತಾಳುವುದೂ ಅವಮಾನವನ್ನು ತಾಳುವುದೂ ಒಂದೆಯೇ? ಅದೂ ಮುಪ್ಪಿನಲ್ಲಿ, ಪರದೇಶದಲ್ಲಿ, ತಿಳಿಯದ ಭಾಷೆಯ ಜನರ ನಡುವೆ, ಮುಖದ ಚಹರೆಯೊಂದರ ಕಾರಣದಿಂದ ಒದಗುವ ಅವಮಾನವನ್ನು ತಾಳಿದವರು ನಿಜವಾಗಿಯೂ ಬಾಳುವರೇ?

ಈ ಪ್ರಶ್ನೆಯ ಬೆನ್ನು ಹತ್ತಿ ನಾವು ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ನೆಲೆಸಿರುವ ಕೊರಿಯನ್ ಹಿರಿಯರ ಬದುಕನ್ನು ಕುರಿತು ಓದಿದೆವು. ಕೊರಿಯನ್ನರೇ ಏಕೆ ಎಂದು ಓದುಗರು ಕೇಳಬಹುದು. ತಂದೆತಾಯಿಗಳ ಸೇವೆಯನ್ನು ಪರಮಧರ್ಮವೆಂದು ಬಗೆಯುವ, ತಾಳ್ಮೆಯನ್ನು ಗುಣಗಳಲ್ಲಿ ದೊಡ್ಡದೆಂದು ಎಣಿಸುವ ಜನ ಅವರು. ಈ ವಿಷಯದಲ್ಲಿ ನಮಗೆ ತೀರ ಹತ್ತಿರದವರು. ಕೊರಿಯಾ ಎಂಬ ಹೆಸರು ನಮ್ಮ ನಾಡಿಗೆ ಹೊಸದೂ ಅಲ್ಲ. ಆ ದೇಶದ ಯುದ್ಧ ನಿಂತ ಮೇಲೆ, 1953-54ರಲ್ಲಿ, ಊರಿಗೆ ಮರಳಲೊಪ್ಪದ ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಕೊಡಗಿನ ಜನರಲ್ ತಿಮ್ಮಯ್ಯನವರು. ಅಂದು ಆ ಯುದ್ಧಭೂಮಿಯಲ್ಲಿ ತಾಯಿಯ ಸೆರಗು ಹಿಡಿದು ಓಡಿದ ಮಕ್ಕಳೇ ಇಂದು ನಾವು ಹೇಳಹೊರಟಿರುವ ಹಿರಿಯರು.

ಎರಡು ಸಲ ನೆಲೆ ತಪ್ಪಿದವರು

ಕೊರಿಯಾ ದೇಶವನ್ನು ಜಪಾನ್ 1910ರಲ್ಲಿ ನುಂಗಿತು. 1945ರ ಆಗಸ್ಟ್ 15ರಂದು, ನಮ್ಮ ಸ್ವಾತಂತ್ರ್ಯಕ್ಕೆ ಸರಿಯಾಗಿ ಎರಡು ವರ್ಷ ಮೊದಲು, ಅದಕ್ಕೆ ಬಿಡುಗಡೆಯಾಯಿತು. ಆ ಆಳ್ವಿಕೆಯ ಕಡೆಯ ವರ್ಷಗಳಲ್ಲಿ ಶಾಲೆಗಳಿಂದ ಕೊರಿಯನ್ ಭಾಷೆಯನ್ನು ಹೊರಹಾಕಲಾಯಿತು. 1940ರಿಂದ ಜನರು ತಮ್ಮ ಹೆಸರುಗಳನ್ನೇ ಜಪಾನೀ ಹೆಸರುಗಳಿಗೆ ಬದಲಿಸಿಕೊಳ್ಳುವಂತೆ ಒತ್ತಾಯಿಸಲಾಯಿತು. ಬಿಡುಗಡೆಯ ಜೊತೆಯಲ್ಲೇ ದೇಶ ಎರಡು ಹೋಳಾಯಿತು. 1950ರ ಜೂನ್ 25ರಂದು ಆರಂಭವಾದ ಯುದ್ಧ 1953ರ ಜುಲೈ 27ರಂದು ನಿಂತಿತಾದರೂ ಅಗಲಿದ ಕುಟುಂಬಗಳು ಒಂದಾಗಲಿಲ್ಲ. ಹೀಗೆ ಸ್ವದೇಶದಲ್ಲೇ ಒಮ್ಮೆ ನೆಲೆ ತಪ್ಪಿದ ತಲೆಮಾರು ಮುಂದೆ ಅಮೆರಿಕಕ್ಕೆ ಹೋಗಿ ಇನ್ನೊಮ್ಮೆ ನೆಲೆ ತಪ್ಪಿತು.

ಅವರಿಗೆ ಮುನ್ನವೇ ಕೆಲವರು ಅಲ್ಲಿಗೆ ಹೋಗಿದ್ದರು. 1903ರ ಜನವರಿ 13ರಂದು ನೂರಕ್ಕೂ ಹೆಚ್ಚು ಕೊರಿಯನ್ನರನ್ನು ಹೊತ್ತ ಹಡಗೊಂದು ಹವಾಯಿ ದ್ವೀಪದ ಹೊನೊಲುಲು ಬಂದರನ್ನು ತಲಪಿತು. ಮುಂದಿನ ಎರಡು ವರ್ಷಗಳಲ್ಲಿ ಸುಮಾರು 7,000 ಮಂದಿ ಅಲ್ಲಿನ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಬಂದರು. ಬಳಿಕ 1924ರ ಕಾನೂನು ಏಷ್ಯಾದವರಿಗೆ ಬಾಗಿಲನ್ನೇ ಮುಚ್ಚಿತು. ಕೊರಿಯಾದಲ್ಲಿ ಹುಟ್ಟಿದವರು ಅಮೆರಿಕದ ಪೌರತ್ವವನ್ನು ಕೇಳುವ ಹಕ್ಕನ್ನು ಪಡೆದದ್ದು 1952ರಲ್ಲಿ. ವಲಸೆಯ ಬಾಗಿಲು ವಿಶಾಲವಾಗಿ ತೆರೆದದ್ದು 1965ರ ಕಾನೂನಿನಿಂದ.

ಆ ಬಾಗಿಲಿನಿಂದ ಹೋದವರಲ್ಲಿ ಓದುಬರಹ ಬಲ್ಲವರೇ ಹೆಚ್ಚು. ಉಪಾಧ್ಯಾಯರು, ಇಂಜಿನಿಯರುಗಳು, ಕಚೇರಿಯ ಅಧಿಕಾರಿಗಳು ಇದ್ದರು. ಆದರೆ ಅವರ ಪದವಿಗಳಿಗೆ ಅಲ್ಲಿ ಬೆಲೆ ಬರಲಿಲ್ಲ. ಇಂಗ್ಲಿಷ್ ನಾಲಿಗೆಗೆ ಒಗ್ಗಲಿಲ್ಲ. ತರಕಾರಿ ಅಂಗಡಿ, ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ, ಮದ್ಯದಂಗಡಿ ಹೀಗೆ ಸಿಕ್ಕ ಉದ್ಯೋಗವನ್ನು ಹಿಡಿದು, ಗಂಡಹೆಂಡಿರಿಬ್ಬರೂ ಬೆಳಗಿನಿಂದ ನಡುರಾತ್ರಿಯವರೆಗೆ ದುಡಿದು ಮಕ್ಕಳನ್ನು ಓದಿಸಿದರು. ನೆಲೆಯೂರಿದ ಮೇಲೆ ಊರಿನಲ್ಲಿದ್ದ ತಂದೆತಾಯಿಗಳನ್ನೂ ಕರೆಸಿಕೊಂಡರು. ಹೀಗಾಗಿ ಇಂದು ಅಲ್ಲಿರುವ ಕೊರಿಯನ್ ಹಿರಿಯರಲ್ಲಿ ಎರಡು ಬಗೆ. ಪ್ರಾಯದಲ್ಲಿ ಹೋಗಿ ದುಡಿದು ಮುದುಕರಾದವರು ಒಂದು ಬಗೆ. ಮುದುಕರಾದ ಮೇಲೆ ಮಕ್ಕಳ ಕರೆಗೆ ಓಗೊಟ್ಟು ಹೋದವರು ಇನ್ನೊಂದು ಬಗೆ. ಮೊದಲನೆಯವರಿಗೆ ಅಂಗಡಿಯ ಕಟ್ಟೆಯ ಮೇಲೆ ಅವಮಾನದ ಪರಿಚಯವಾಯಿತು. ಎರಡನೆಯವರಿಗೆ ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ರಸ್ತೆಯ ಬದಿಯಲ್ಲಿ. 2020ರ ಜನಗಣತಿಯಂತೆ, ಮಿಶ್ರವಂಶದವರನ್ನೂ ಸೇರಿಸಿ, ಅಮೆರಿಕದಲ್ಲಿ ಕೊರಿಯನ್ ಮೂಲದವರ ಸಂಖ್ಯೆ ಸುಮಾರು 20 ಲಕ್ಷ.

ಅವಮಾನದ ನಾನಾ ಮುಖಗಳು

ಜನಾಂಗದ್ವೇಷವೆಂದೊಡನೆ ಹೊಡೆತ ಬಡಿತಗಳ ಚಿತ್ರವೇ ನಮ್ಮ ಕಣ್ಣೆದುರು ಬರುತ್ತದೆ. ಆದರೆ ಹಿರಿಯರ ದಿನನಿತ್ಯದ ಅನುಭವ ಬಹುಮಟ್ಟಿಗೆ ಇದಕ್ಕಿಂತ ಸಣ್ಣದು, ಸಣ್ಣದಾದುದರಿಂದಲೇ ಹೇಳಿಕೊಳ್ಳಲಾಗದ್ದು. ಅಂಗಡಿಯಲ್ಲಿ ಹಿಂದೆ ನಿಂತವರನ್ನು ಮೊದಲು ವಿಚಾರಿಸುತ್ತಾರೆ. ಕಚೇರಿಯಲ್ಲಿ ಒಂದು ಪ್ರಶ್ನೆ ಅರ್ಥವಾಗದಿದ್ದರೆ ಅದನ್ನೇ ಕಿವುಡರಿಗೆ ಹೇಳುವಂತೆ ಗಟ್ಟಿಯಾಗಿ ಕೂಗುತ್ತಾರೆ. ಉಚ್ಚಾರಣೆಯನ್ನು ಅಣಕಿಸುತ್ತಾರೆ. ಮೂವತ್ತು ವರ್ಷ ತೆರಿಗೆ ತೆತ್ತವರನ್ನು ನೋಡಿ ‘ನಿಮ್ಮ ದೇಶಕ್ಕೆ ಹೋಗಿ’ ಎನ್ನುತ್ತಾರೆ.

ಇವೆಲ್ಲಕ್ಕೂ ಮಿಗಿಲಾಗಿ, ‘ನೀನು ಯಾರು’ ಎಂದು ಕೇಳುವ ಸೌಜನ್ಯವೂ ಇಲ್ಲದೆ ಬೇರೆ ಯಾರದೋ ಲೆಕ್ಕಕ್ಕೆ ಇವರನ್ನು ಸೇರಿಸಿಬಿಡುವುದುಂಟು. 1913ರ ಜೂನ್ ತಿಂಗಳಿನಲ್ಲಿ ಕ್ಯಾಲಿಫೋರ್ನಿಯದ ಹೆಮೆಟ್ ಎಂಬ ಊರಿಗೆ ಹಣ್ಣು ಕೀಳಲು ಬಂದ ಕೆಲವು ಕೊರಿಯನ್ ಕೂಲಿಗಳನ್ನು ಅಲ್ಲಿನ ಜನ ಜಪಾನಿಯರೆಂದು ತಿಳಿದು ಗುಂಪುಗೂಡಿ ಬೆದರಿಸಿ ಓಡಿಸಿದರು. ತಮ್ಮ ದೇಶವನ್ನು ಕಸಿದುಕೊಂಡವರ ಹೆಸರಿನಲ್ಲೇ ಪೆಟ್ಟು ತಿನ್ನಬೇಕಾಗಿ ಬಂದುದು ಎಂಥ ವಿಪರ್ಯಾಸ! ಜಪಾನೀ ದೂತಾವಾಸವು ಸಹಾಯಕ್ಕೆ ಮುಂದಾದಾಗ ಕೊರಿಯನ್ನರು ಅದನ್ನು ನಿರಾಕರಿಸಿದರು. ಅವರ ರಾಷ್ಟ್ರೀಯ ಸಂಘವು ಅಮೆರಿಕದ ವಿದೇಶಾಂಗ ಕಾರ್ಯದರ್ಶಿಗೆ ನೇರವಾಗಿ ತಂತಿ ಕಳುಹಿಸಿ, ತಾವು ಜಪಾನಿನ ಪ್ರಜೆಗಳಲ್ಲವೆಂದು ತಿಳಿಸಿತು.

ಅದಾಗಿ ಒಂದು ಶತಮಾನ ಕಳೆದ ಮೇಲೆ, 2020ರಲ್ಲಿ ಕೋವಿಡ್ ಹರಡಿದಾಗ, ಇದೇ ಕೊರಿಯನ್ನರನ್ನು ಚೀನಿಯರೆಂದು ತಿಳಿದು ರೋಗ ತಂದವರೆಂದು ನಿಂದಿಸಿದರು. ಪೇಟೆಯ ಬೀದಿಗಳಲ್ಲಿ ಏಷ್ಯಾ ಮೂಲದ ವೃದ್ಧರನ್ನು ತಳ್ಳಿ ಕೆಡವಿದ ಸುದ್ದಿಗಳು ಮೇಲಿಂದ ಮೇಲೆ ಬಂದವು. 2021ರ ಏಪ್ರಿಲ್‌ನಲ್ಲಿ ‘ಮಿನಾರಿ’ ಎಂಬ ಚಿತ್ರದ ಅಜ್ಜಿಯ ಪಾತ್ರಕ್ಕಾಗಿ 73 ವರ್ಷದ ಕೊರಿಯನ್ ನಟಿ ಯುನ್ ಯೊ-ಜೊಂಗ್ ಅವರಿಗೆ ಆಸ್ಕರ್ ಪ್ರಶಸ್ತಿ ದೊರೆಯಿತು. ಚಲನಚಿತ್ರ ನಮ್ಮ ವಿಷಯವಲ್ಲವಾದರೂ ಆ ಸಂದರ್ಭದ ಒಂದು ಸಂಗತಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿತು. ಪ್ರಶಸ್ತಿ ಸಮಾರಂಭಕ್ಕಾಗಿ ತಾಯಿ ಅಮೆರಿಕಕ್ಕೆ ಬರುವುದನ್ನು ಕುರಿತು ಅಲ್ಲಿದ್ದ ಮಗನಿಗೆ ಆತಂಕವಾಗಿತ್ತಂತೆ. ವಯಸ್ಸಾದ ಏಷ್ಯನ್ನರನ್ನು ಹುಡುಕಿ ಹೊಡೆಯುತ್ತಿದ್ದಾರೆ, ತಾಯಿಗೂ ಹಾಗಾದೀತು ಎಂಬ ಭಯ. ಆಕೆಯೇ ಇದನ್ನು ಹೇಳಿಕೊಂಡರು. ಒಂದು ಕಡೆ ಲೋಕವೇ ಎದ್ದು ನಿಂತು ಚಪ್ಪಾಳೆ ತಟ್ಟುವ ಗೌರವ. ಇನ್ನೊಂದು ಕಡೆ ಅದೇ ನಾಡಿನ ಬೀದಿಯಲ್ಲಿ ನಡೆಯಲು ಭಯ. ಪ್ರಸಿದ್ಧಿ ಪಡೆದವರ ಪಾಡೇ ಹೀಗಿರುವಾಗ, ಚೀಲ ಹಿಡಿದು ಔಷಧಿ ತರಲು ಹೋಗುವ ಬಡ ಅಜ್ಜಿಯ ಪಾಡೇನು?

ಇನ್ನೊಂದು ಪ್ರಸಂಗ ಮೇಲ್ನೋಟಕ್ಕೆ ಹಗುರವೆನಿಸಬಹುದು. ನ್ಯೂಯಾರ್ಕಿನ ಫ್ಲಷಿಂಗ್ ಎಂಬ ಬಡಾವಣೆಯಲ್ಲಿ ಕೊರಿಯನ್ ಹಿರಿಯರು ಮೆಕ್‌ಡೊನಾಲ್ಡ್ಸ್ ಉಪಾಹಾರಗೃಹವೊಂದರಲ್ಲಿ ಒಂದು ಲೋಟ ಕಾಫಿ ಕೊಂಡು ಗಂಟೆಗಟ್ಟಲೆ ಕೂತು ಹರಟುತ್ತಿದ್ದರು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಬಾರದೆಂಬ ಫಲಕವಿದ್ದರೂ ಅವರು ಏಳುತ್ತಿರಲಿಲ್ಲ. ವ್ಯಾಪಾರಕ್ಕೆ ತೊಂದರೆಯೆಂದು ಅಲ್ಲಿನವರು ಪೊಲೀಸರನ್ನು ಕರೆಸಿದರು. 2014ರ ಜನವರಿಯಲ್ಲಿ ಅದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅಂಗಡಿಯವರ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎಂಬತ್ತರ ಹಿರಿಯರನ್ನು ಪೊಲೀಸರಿಂದ ಎಬ್ಬಿಸುವುದು ಕೊರಿಯನ್ ಸಮುದಾಯಕ್ಕೆ ತನ್ನ ತಂದೆಯನ್ನೇ ಎಬ್ಬಿಸಿದಂತೆ ತೋರಿತು. ಕೆಲವರು ಬಹಿಷ್ಕಾರದ ಕರೆ ಕೊಟ್ಟರು. ಕಡೆಗೆ ಕೊರಿಯನ್ ಮೂಲದ ಶಾಸಕ ರಾನ್ ಕಿಮ್ ಅವರ ಮಧ್ಯಸ್ಥಿಕೆಯಿಂದ, ಕೂರುವ ವೇಳೆಯನ್ನು ಕುರಿತು ಎರಡೂ ಕಡೆಯವರು ಒಂದು ಒಪ್ಪಂದಕ್ಕೆ ಬಂದರು. ಮಕ್ಕಳು ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಆ ಹಿರಿಯರು ಹಗಲನ್ನು ಎಲ್ಲಿ ಕಳೆಯಬೇಕು ಎಂಬ ಪ್ರಶ್ನೆಯೇ ಆ ಜಗಳದ ಬೇರು. ನಮ್ಮ ಹಳ್ಳಿಗಳಲ್ಲಿ ಗುಡಿಯ ಕಟ್ಟೆ ಮಾಡುವ ಉಪಕಾರವನ್ನು ಅಲ್ಲಿ ಕಾಫಿಯ ಮೇಜು ಮಾಡುತ್ತಿತ್ತು.

ಎದೆಯ ಮೇಲೆ ಅಲಗು

ಇಂಥ ಅವಮಾನಗಳಿಗೆ ಹಿರಿಯರು ಏನು ಮಾಡುತ್ತಾರೆ? ಬಹುಮಂದಿ ಮಾಡುವುದು ಒಂದೇ: ಸುಮ್ಮನಾಗುವುದು.

ಕೊರಿಯನ್ನರು ಚೀನೀ ಲಿಪಿಯಿಂದ ಪಡೆದ ಒಂದು ಅಕ್ಷರವಿದೆ. ಅದನ್ನು ಅವರು ‘ಇನ್’ ಎಂದು ಉಚ್ಚರಿಸುತ್ತಾರೆ; ತಾಳ್ಮೆ ಎಂದು ಅದರ ಅರ್ಥ. ಆ ಅಕ್ಷರವನ್ನು ಬಿಡಿಸಿ ನೋಡಿದರೆ ಕೆಳಗೆ ಹೃದಯದ ಚಿಹ್ನೆ, ಅದರ ಮೇಲೆ ಕತ್ತಿಯ ಅಲಗಿನ ಚಿಹ್ನೆ. ಆ ಅಕ್ಷರವನ್ನು ಮನಸ್ಸಿನಲ್ಲಿ ಮೂರು ಸಲ ಬರೆದುಕೊಂಡರೆ ಕೊಲೆಯನ್ನೂ ತಪ್ಪಿಸಬಹುದು ಎಂಬರ್ಥದ ಗಾದೆ ಅವರಲ್ಲಿ ಮನೆಮಾತು. ಎದೆಯ ಮೇಲೆ ಅಲಗಿಟ್ಟರೂ ಅಲುಗದಿರುವುದೇ ತಾಳ್ಮೆಯೆಂದು ಕಲಿತ ತಲೆಮಾರಿಗೆ ಒಂದು ಬಿರುನುಡಿಯನ್ನು ನುಂಗಿಕೊಳ್ಳುವುದು ದೊಡ್ಡದಲ್ಲ.

ಎರಡನೆಯ ದಾರಿ, ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಳ್ಳುವುದು. ‘ನನಗೆ ಇಂಗ್ಲಿಷ್ ಬಾರದು, ಅದಕ್ಕೆ ಹಾಗಂದರು, ಅವರದೇನು ತಪ್ಪು?’ ಎನ್ನುತ್ತಾರೆ. ಇದು ವಿನಯದಂತೆ ತೋರಿದರೂ ಪೂರ್ತಿ ವಿನಯವಲ್ಲ. ನೋವಿಗೊಂದು ಸುಲಭವಾದ ಕಾರಣ ಹುಡುಕಿಕೊಳ್ಳುವ ಉಪಾಯ. ತಪ್ಪು ತನ್ನದಾದರೆ ತಿದ್ದಿಕೊಳ್ಳಬಹುದೆಂಬ ಆಸೆಯಾದರೂ ಉಳಿಯುತ್ತದೆ. ತಪ್ಪು ಮುಖದ್ದಾದರೆ ಏನು ಮಾಡುವುದು?

ಮೂರನೆಯದು ಮಕ್ಕಳಿಂದ ಮುಚ್ಚಿಡುವುದು. ಮಕ್ಕಳಿಗೆ ಭಾರವಾಗಬಾರದೆಂಬುದು ಈ ತಲೆಮಾರಿನ ದೊಡ್ಡ ಹಟ. ದುಡಿದು ದಣಿದು ಬರುವ ಮಗನಿಗೆ ‘ಇಂದು ಬಸ್ಸಿನಲ್ಲಿ ನನಗೆ ಹೀಗಾಯಿತು’ ಎಂದು ಹೇಳಿದರೆ ಅವನು ಕೊರಗುವನು, ಇಲ್ಲವೆ ಜಗಳಕ್ಕೆ ಹೋಗುವನು, ಇಲ್ಲವೆ ‘ಇನ್ನು ಮೇಲೆ ನೀನು ಒಬ್ಬಳೇ ಹೊರಗೆ ಹೋಗಬೇಡ’ ಎನ್ನುವನು. ಈ ಮೂರರಲ್ಲಿ ಯಾವುದೂ ತಾಯಿಗೆ ಬೇಡ. ಆದುದರಿಂದ ಮಾತೇ ಬೇಡ.

ನಾಲ್ಕನೆಯ ದಾರಿಯಲ್ಲಿ ಮಾತ್ರ ಸ್ವಲ್ಪ ಬೆಳಕಿದೆ. ಅದು ತಮ್ಮವರ ಸಂಗ. ಅಮೆರಿಕದ ಕೊರಿಯನ್ನರಲ್ಲಿ ಬಹುಮಂದಿ ಕ್ರೈಸ್ತರು. ಅವರಿಗೆ ಭಾನುವಾರದ ಇಗರ್ಜಿ ಪೂಜಾಸ್ಥಳವಷ್ಟೇ ಆಗಿರದೆ ಊರೂ ಆಗಿದೆ, ಕಟ್ಟೆಯೂ ಆಗಿದೆ, ದಾಸೋಹದ ಮನೆಯೂ ಆಗಿದೆ. ಪ್ರಾರ್ಥನೆಯಾದ ಮೇಲೆ ಎಲ್ಲರೂ ಸಾಲಾಗಿ ಕುಳಿತು ಕೊರಿಯನ್ ಅಡುಗೆಯನ್ನು ಉಣ್ಣುತ್ತಾರೆ. ಹಿರಿಯರಿಗಾಗಿಯೇ ವಾರದ ದಿನಗಳಲ್ಲಿ ಪಾಠಶಾಲೆಗಳು ನಡೆಯುತ್ತವೆ. ಅಲ್ಲಿ ಇಂಗ್ಲಿಷ್, ಹಾಡು, ವ್ಯಾಯಾಮ ಕಲಿಸುತ್ತಾರೆ. ಹೊರಗೆ ಹೆಸರಿಲ್ಲದ ಮುದುಕನಿಗೆ ಅಲ್ಲಿ ಹಿರಿಯನೆಂಬ ಪದವಿಯಿದೆ, ಬಾಗಿ ವಂದಿಸುವ ಕಿರಿಯರಿದ್ದಾರೆ. ವಾರವೆಲ್ಲ ಕಳೆದುಕೊಂಡ ಮಾನವನ್ನು ಒಂದು ದಿನದಲ್ಲಿ ತುಂಬಿಕೊಂಡು ಮನೆಗೆ ಮರಳುತ್ತಾರೆ.

ಬೆಂಕಿಯ ರೋಗ

ನುಂಗಿದ್ದು ಜೀರ್ಣವಾಗದಿದ್ದರೆ ಏನಾಗುತ್ತದೆ? ಇದಕ್ಕೆ ಕೊರಿಯನ್ನರ ಭಾಷೆಯಲ್ಲೇ ಉತ್ತರವಿದೆ. ‘ಹ್ವಾಬ್ಯೊಂಗ್’ ಎಂಬ ಒಂದು ವ್ಯಾಧಿಯನ್ನು ಅವರು ಹೆಸರಿಸುತ್ತಾರೆ. ‘ಹ್ವಾ’ ಎಂದರೆ ಬೆಂಕಿ. ಕೋಪ ಎಂಬ ಅರ್ಥವೂ ಅದಕ್ಕುಂಟು. ‘ಬ್ಯೊಂಗ್’ ಎಂದರೆ ರೋಗ. ಅನ್ಯಾಯವನ್ನು ಎದುರಿಸಲಾಗದೆ, ಹೇಳಿಕೊಳ್ಳಲೂ ಆಗದೆ, ವರ್ಷಗಟ್ಟಲೆ ಕೋಪವನ್ನು ಅದುಮಿಟ್ಟವರಿಗೆ ಎದೆ ಬಿಗಿಯುತ್ತದೆ, ಒಳಗಿನಿಂದ ಕಾವು ಏರುತ್ತದೆ, ಗಂಟಲಿನಲ್ಲೋ ಎದೆಯಲ್ಲೋ ಏನೋ ಗಂಟು ಕೂತಂತೆ ಅನಿಸುತ್ತದೆ, ನಿದ್ರೆ ಹಾರುತ್ತದೆ, ನಿಟ್ಟುಸಿರು ಹೆಚ್ಚುತ್ತದೆ. ನಡುವಯಸ್ಸು ದಾಟಿದ ಹೆಂಗಸರಲ್ಲಿ ಇದು ಹೆಚ್ಚು. ಅಮೆರಿಕದ ಮನೋವೈದ್ಯರ ಸಂಘವು 1994ರಲ್ಲಿ ಹೊರತಂದ ಮನೋರೋಗಗಳ ಕೈಪಿಡಿಯಲ್ಲಿ, ಆಯಾ ಸಂಸ್ಕೃತಿಗೆ ವಿಶಿಷ್ಟವಾದ ವ್ಯಾಧಿಗಳ ಪಟ್ಟಿಗೆ ಇದನ್ನೂ ಸೇರಿಸಿತ್ತು. ಮನೆಯ ಕಲಹ, ಬಡತನ, ಯುದ್ಧದ ನೆನಪು ಇವೆಲ್ಲವೂ ಈ ಬೆಂಕಿಗೆ ಸೌದೆ. ಪರದೇಶದ ಅವಮಾನವೂ ಆ ಒಲೆಗೇ ಬೀಳುತ್ತದೆ. ನಮ್ಮ ತಾಯಂದಿರು ‘ಹೊಟ್ಟೆಯಲ್ಲಿ ಹಾಕಿಕೊಂಡೆ’ ಎನ್ನುವುದಿಲ್ಲವೇ? ಹಾಕಿಕೊಂಡದ್ದು ಎಲ್ಲಿಗೂ ಹೋಗಿರುವುದಿಲ್ಲ ಎಂಬುದನ್ನು ಕೊರಿಯನ್ ಭಾಷೆ ಒಂದೇ ಪದದಲ್ಲಿ ಹೇಳಿದೆ.

ಹಾಗಾದರೆ ತಾಳ್ಮೆ ಕೆಡುಕೇ? ಈ ಪ್ರಶ್ನೆಯನ್ನು ಟೊರಾಂಟೊ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ನೋ ಎಂಬ ವಿದ್ವಾಂಸರು ಎರಡು ಅಧ್ಯಯನಗಳಲ್ಲಿ ಪರೀಕ್ಷಿಸಿದರು. 1999ರಲ್ಲಿ ಸಂಗಡಿಗರೊಂದಿಗೆ ಅವರು ಪ್ರಕಟಿಸಿದ ಮೊದಲನೆಯ ಅಧ್ಯಯನ ಕೆನಡಾಕ್ಕೆ ಬಂದ ಆಗ್ನೇಯ ಏಷ್ಯಾದ ನಿರಾಶ್ರಿತರದು. ಅವರಲ್ಲಿ, ತಾರತಮ್ಯವನ್ನು ಸಹಿಸಿ ಸುಮ್ಮನಾದವರ ಮನಸ್ಸು ಹೆಚ್ಚು ಕುಗ್ಗಿರಲಿಲ್ಲ, ಸಹನೆ ಕವಚವಾಗಿತ್ತು. 2003ರಲ್ಲಿ ಪ್ರಕಟವಾದ ಎರಡನೆಯದು ಟೊರಾಂಟೊದ ಕೊರಿಯನ್ ವಲಸಿಗರದು. ಇಲ್ಲಿ ಫಲ ಬೇರೆಯಾಯಿತು. ಸಮಸ್ಯೆಯನ್ನು ನೇರವಾಗಿ ಎದುರಿಸಿದವರ ಮನಸ್ಸಿಗೆ ತಾರತಮ್ಯದ ಪೆಟ್ಟು ಕಡಿಮೆ ತಗುಲಿತ್ತು; ನುಂಗಿ ಮರೆಯಲು ಯತ್ನಿಸಿದವರು ಹೆಚ್ಚು ಕುಗ್ಗಿದ್ದರು.

ಇದು ವೃದ್ಧರನ್ನಷ್ಟೇ ಕುರಿತ ಅಧ್ಯಯನವಲ್ಲವಾದರೂ ನಮ್ಮ ಪ್ರಶ್ನೆಗೆ ಇದರಲ್ಲಿ ದೊಡ್ಡ ಬೆಳಕಿದೆ. ಸಹನೆಯೆಂಬ ಔಷಧಿ ಎಲ್ಲರಿಗೂ ಎಲ್ಲ ಕಾಲಕ್ಕೂ ಒಂದೇ ಅಲ್ಲ. ಈಗಷ್ಟೇ ಬಂದಿಳಿದು, ಜೀವ ಉಳಿದುದೇ ಹೆಚ್ಚೆಂದು ತಿಳಿದವನಿಗೆ ಸಹನೆ ಆಸರೆಯಾಗಬಹುದು. ಆ ನೆಲದಲ್ಲಿ ಬೇರು ಬಿಟ್ಟು, ಅಲ್ಲಿನ ನ್ಯಾಯ ತನಗೂ ಸಲ್ಲಬೇಕೆಂದು ಅರಿತವನಿಗೆ ಅದೇ ಸಹನೆ ಸಂಕೋಲೆಯಾಗಬಹುದು. ಎದುರಿಸುವ ಶಕ್ತಿಯಿದ್ದೂ ಬಿಟ್ಟುಕೊಡುವುದು ತಾಳ್ಮೆ. ಶಕ್ತಿಯಿಲ್ಲದೆ ಬಾಯಿ ಮುಚ್ಚಿಕೊಳ್ಳುವುದು ಬರಿಯ ನೋವು. ಎರಡನ್ನೂ ಒಂದೇ ಹೆಸರಿನಿಂದ ಕರೆದು ನಾವು ಹಿರಿಯರನ್ನು ಹೊಗಳುತ್ತಾ ಬಂದಿದ್ದೇವೆ.

ಮೌನ ಮುರಿದ ದಿನಗಳು

ಅಮೆರಿಕದ ಕೊರಿಯನ್ನರು ಮಾತಾಡಲು ಕಲಿತದ್ದು ದೊಡ್ಡ ದುಃಖದ ಮೂಲಕ. 1992ರ ಏಪ್ರಿಲ್ 29ರಂದು ಲಾಸ್ ಏಂಜಲೀಸ್ ನಗರದಲ್ಲಿ ದಂಗೆ ಹೊತ್ತಿಕೊಂಡಿತು. ಕಪ್ಪುವರ್ಣದ ರಾಡ್ನಿ ಕಿಂಗ್ ಎಂಬುವರನ್ನು ಅಮಾನುಷವಾಗಿ ಥಳಿಸಿದ ಪೊಲೀಸರನ್ನು ನ್ಯಾಯಾಲಯ ಬಿಡುಗಡೆ ಮಾಡಿದುದೇ ಅದರ ಕಿಡಿ. ಐವತ್ತಕ್ಕೂ ಹೆಚ್ಚು ಜನ ಪ್ರಾಣ ತೆತ್ತರು. ಸುಮಾರು 2,200 ಕೊರಿಯನ್ ಅಂಗಡಿಗಳು ಲೂಟಿಯಾದವು, ಇಲ್ಲವೆ ಸುಟ್ಟು ಬೂದಿಯಾದವು. ಪೊಲೀಸರನ್ನು ಕರೆದರೆ ಬರುವವರಿಲ್ಲದೆ ಕೊರಿಯನ್ ಭಾಷೆಯ ಬಾನುಲಿಯೇ ಜನರ ದಿಕ್ಕಾಯಿತು. ಇಪ್ಪತ್ತು ವರ್ಷಗಳ ಕಾಯಕ ಒಂದು ರಾತ್ರಿಯಲ್ಲಿ ಹೊಗೆಯಾದುದನ್ನು ಹಿರಿಯರು ಕಣ್ಣಾರೆ ಕಂಡರು. ನಾಲ್ಕು, ಎರಡು, ಒಂಬತ್ತು ಎಂಬ ಅಂಕಿಗಳನ್ನು ಸೇರಿಸಿ ‘ಸಾ-ಇ-ಗು’ ಎಂದು ಆ ದಿನವನ್ನು ಇಂದಿಗೂ ಸ್ಮರಿಸುತ್ತಾರೆ.

ಇಲ್ಲಿ ಒಂದು ಕಹಿಸತ್ಯವನ್ನು ಹೇಳದೆ ಮುಂದೆ ಹೋಗುವುದು ಧರ್ಮವಲ್ಲ. ಆ ದಂಗೆಗೆ ಒಂದು ವರ್ಷ ಮೊದಲು, 1991ರ ಮಾರ್ಚ್‌ನಲ್ಲಿ, ಅದೇ ನಗರದಲ್ಲಿ ಕೊರಿಯನ್ ಅಂಗಡಿಯ ಒಡತಿಯೊಬ್ಬಳು 15 ವರ್ಷದ ಕಪ್ಪುವರ್ಣದ ಬಾಲಕಿಯೊಬ್ಬಳು ಹಣ್ಣಿನ ರಸದ ಬಾಟಲಿ ಕದ್ದಳೆಂದು ಶಂಕಿಸಿ ಜಗಳವಾಡಿ, ಹಿಂದಿನಿಂದ ಗುಂಡಿಟ್ಟು ಕೊಂದಿದ್ದಳು. ಮಗುವಿನ ಕೈಯಲ್ಲಿ ಹಣವಿತ್ತು. ನ್ಯಾಯಾಲಯ ಆಕೆಗೆ ಸೆರೆಮನೆಯ ಶಿಕ್ಷೆಯನ್ನು ಕೊಡಲಿಲ್ಲ. ಅವಮಾನ ಉಂಡವರು ಇನ್ನೊಬ್ಬರನ್ನು ಅನುಮಾನದಿಂದ ನೋಡುವುದಿಲ್ಲವೆಂಬ ಭರವಸೆಯೇನೂ ಇಲ್ಲ. ಎದೆಯೊಳಗಿನ ಬೆಂಕಿ ತನ್ನನ್ನೂ ಸುಡುತ್ತದೆ, ಒಮ್ಮೊಮ್ಮೆ ಪಕ್ಕದವನನ್ನೂ ಸುಡುತ್ತದೆ. ಇದನ್ನು ಅರಿತ ಎರಡೂ ಸಮುದಾಯಗಳ ಪಾದ್ರಿಗಳು, ಹಿರಿಯರು ದಂಗೆಗೆ ಮೊದಲೂ ಆಮೇಲೂ ಸೇರಿ ಕೂತು ಮಾತಾಡಲು ಶ್ರಮಿಸಿದರು.

ದಂಗೆ ತಣಿಯುತ್ತಿದ್ದಂತೆ, 1992ರ ಮೇ 2ರಂದು, ಸುಟ್ಟ ಅಂಗಡಿಗಳ ನಡುವೆಯೇ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಶಾಂತಿಗಾಗಿ ನಡೆದರು. ಬೀದಿಗಿಳಿದು ಎಂದೂ ಕೂಗದ ಮುದುಕ ಮುದುಕಿಯರು ಅಂದು ಫಲಕ ಹಿಡಿದರು. ತಮ್ಮ ನಷ್ಟದ ಜೊತೆಗೆ ರಾಡ್ನಿ ಕಿಂಗ್ ಅವರಿಗಾದ ಅನ್ಯಾಯವನ್ನೂ ಆ ಮೆರವಣಿಗೆ ಖಂಡಿಸಿತು. ಮುಂದೆ ಮಕ್ಕಳು ವಕೀಲರಾದರು, ಪತ್ರಕರ್ತರಾದರು, ಚುನಾವಣೆಗೆ ನಿಂತರು. 1996ರಲ್ಲಿ ಅಮೆರಿಕದ ಸರ್ಕಾರ ಪೌರರಲ್ಲದ ವೃದ್ಧ ವಲಸಿಗರ ಸಹಾಯಧನಕ್ಕೆ ಕತ್ತರಿ ಹಾಕುವ ಕಾನೂನನ್ನು ತಂದಾಗ ಹಿರಿಯರಲ್ಲಿ ತಲ್ಲಣವೆದ್ದಿತು. ಎಪ್ಪತ್ತರ ವಯಸ್ಸಿನಲ್ಲಿ ಪುಸ್ತಕ ಹಿಡಿದು ಪೌರತ್ವದ ಪರೀಕ್ಷೆಗೆ ಕೂತರು. ಅಲ್ಲಿ ಬಹುಕಾಲ ಖಾಯಂ ಆಗಿ ನೆಲೆಸಿದ ಹಿರಿಯರು ಆ ಪರೀಕ್ಷೆಯನ್ನು ತಮ್ಮ ಭಾಷೆಯಲ್ಲೇ ಬರೆಯದೆ ಬಾಯಿಮಾತಿನಲ್ಲಿ ಉತ್ತರಿಸಲು ಅವಕಾಶವಿದೆ. ಲಾಸ್ ಏಂಜಲೀಸ್ ಪ್ರಾಂತದಲ್ಲಿ ಮತಪತ್ರವೇ ಕೊರಿಯನ್ ಲಿಪಿಯಲ್ಲಿ ದೊರೆಯುತ್ತದೆ. 2024ರ ಡಿಸೆಂಬರಿನಲ್ಲಿ ಆ್ಯಂಡಿ ಕಿಮ್ ಅವರು ಅಮೆರಿಕದ ಸೆನೆಟ್ ಸಭೆಯ ಪ್ರಥಮ ಕೊರಿಯನ್ ಮೂಲದ ಸದಸ್ಯರಾಗಿ ಪ್ರಮಾಣವಚನ ಸ್ವೀಕರಿಸಿದರು.

ಇಷ್ಟಾದರೂ ಕಷ್ಟ ಮುಗಿಯಲಿಲ್ಲ. 2021ರ ಮಾರ್ಚ್ 16ರಂದು ಅಟ್ಲಾಂಟ ನಗರ ಮತ್ತು ಅದರ ಸಮೀಪದಲ್ಲಿ ಒಬ್ಬ ತರುಣ ಗುಂಡು ಹಾರಿಸಿ ಎಂಟು ಜನರನ್ನು ಕೊಂದ. ಸತ್ತವರಲ್ಲಿ ನಾಲ್ವರು ಕೊರಿಯನ್ ಮೂಲದ ಮಹಿಳೆಯರು. ಅವರ ವಯಸ್ಸು 74, 69, 63 ಮತ್ತು 51. ಈ ಅಂಕಿಗಳನ್ನು ಓದಿ ನಾವು ಬಹಳ ಹೊತ್ತು ಪತ್ರಿಕೆಯನ್ನು ಮಡಿಸಲಾಗದೆ ಕುಳಿತೆವು. ವಿಶ್ರಾಂತಿ ಪಡೆಯಬೇಕಾದ ವಯಸ್ಸಿನಲ್ಲಿಯೂ ದುಡಿಯುತ್ತಿದ್ದ ತಾಯಂದಿರು ಅವರು. ಅದೇ ವರ್ಷದ ಮೇ ತಿಂಗಳಿನಲ್ಲಿ ಇಂಥ ದ್ವೇಷಾಪರಾಧಗಳ ವಿಚಾರಣೆಯನ್ನು ತ್ವರಿತಗೊಳಿಸುವ ಕಾನೂನಿಗೆ ಅಲ್ಲಿನ ಅಧ್ಯಕ್ಷರು ಸಹಿ ಹಾಕಿದರು. ಕೆಲವು ನಗರಗಳಲ್ಲಿ ತರುಣ ತರುಣಿಯರು ತಂಡ ಕಟ್ಟಿಕೊಂಡು, ಏಷ್ಯಾ ಮೂಲದ ಹಿರಿಯರು ಅಂಗಡಿಗೋ ಆಸ್ಪತ್ರೆಗೋ ಹೋಗುವಾಗ ಜೊತೆಗೆ ನಡೆದರು. ಅವರಲ್ಲಿ ಎಲ್ಲ ಬಣ್ಣದವರೂ ಇದ್ದರು. ಕಾನೂನಿಗಿಂತ ಆ ಜೊತೆನಡಿಗೆ ನಮಗೆ ಹಿರಿದಾಗಿ ಕಾಣುತ್ತದೆ.

ಆ ದಿನಗಳಲ್ಲಿ ಕೆಲವು ಕೊರಿಯನ್ನರಿಗೆ ‘ನಾನು ಚೀನಿಯನಲ್ಲ’ ಎಂದು ಹೇಳಿ ಪಾರಾಗುವ ಆಸೆಯಾದುದು ಸಹಜ. ಹೆಮೆಟ್ಟಿನ ಕಾಲದಲ್ಲಿ ‘ನಾವು ಜಪಾನಿಯರಲ್ಲ’ ಎಂದಿದ್ದವರ ಮೊಮ್ಮಕ್ಕಳು ಈ ಸಲ ಬೇರೆ ಮಾತನ್ನು ಹುಡುಕಿದರು. ಚೀನಿಯನಾದರೇನು, ಅವನನ್ನು ಹೊಡೆಯಬಹುದೇ? ಈ ಮರುಪ್ರಶ್ನೆಯನ್ನು ಕೇಳಲು ಆ ಸಮುದಾಯಕ್ಕೆ ನೂರು ವರ್ಷ ಹಿಡಿಯಿತು.

ನಮ್ಮ ಮನೆಯಂಗಳದಲ್ಲಿ

ಪ್ರಿಯ ಓದುಗರೇ, ಈ ಪತ್ರಿಕೆಯನ್ನು ಓದುವ ಎಷ್ಟೋ ಮನೆಗಳಿಂದ ಇಂದು ಹಿರಿಯರು ಮಗನ ಮನೆಗೆ, ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿಬರುತ್ತಾರೆ. ಹಿಂತಿರುಗಿದವರು ನಮ್ಮನ್ನು ಕಾಣಲು ಬಂದಾಗ ಅಲ್ಲಿನ ರಸ್ತೆ, ಜಲಪಾತ, ಹಿಮಗಳ ವರ್ಣನೆ ಮಾಡುತ್ತಾರೆ. ನಾವೂ ಅದನ್ನೇ ಕೇಳಿ ಸಂತೋಷಪಡುತ್ತೇವೆ. ‘ಅಲ್ಲಿ ನಿಮ್ಮೊಡನೆ ಜನ ಹೇಗೆ ನಡೆದುಕೊಂಡರು?’ ಎಂದು ಕೇಳಿದವರು ಎಷ್ಟು ಮಂದಿ? ಸೀರೆಯುಟ್ಟು, ವಿಭೂತಿ ಧರಿಸಿ ಒಬ್ಬರೇ ನಡೆಯುವಾಗ ಯಾರಾದರೂ ಏನಾದರೂ ಅಂದರೇ ಎಂದು ನಾವು ಕೇಳಿದ್ದೇವೆಯೇ? ಕೇಳದಿದ್ದರೆ ಅವರು ಹೇಳುವುದಿಲ್ಲ. ಮಕ್ಕಳಿಗೆ ಭಾರವಾಗಬಾರದೆಂಬ ಹಟ ಕೊರಿಯನ್ ತಾಯಿಗೆ ಇರುವಷ್ಟೇ ಕನ್ನಡದ ತಾಯಿಗೂ ಇದೆ. ಪರದೇಶದಲ್ಲಿರುವ ಮಕ್ಕಳು ವಾರಕ್ಕೊಮ್ಮೆಯಾದರೂ ಹಿರಿಯರನ್ನು ತಮ್ಮ ಭಾಷೆಯ ಜನರ ನಡುವೆ ಕರೆದೊಯ್ಯಲಿ. ಅಲ್ಲಿನ ಕನ್ನಡ ಕೂಟಗಳೂ ಸಮಾಜದ ಸಭೆಗಳೂ ಇರುವುದು ಹಬ್ಬಕ್ಕೆ ಮಾತ್ರವಲ್ಲ. ಹಿರಿಯರು ಏನನ್ನಾದರೂ ಹೇಳಿಕೊಂಡಾಗ ‘ಹೋಗಲಿ ಬಿಡಮ್ಮ’ ಎಂದು ಬಾಯಿ ಮುಚ್ಚಿಸದಿರಲಿ. ಪೂರ್ತಿ ಕೇಳುವುದೇ ಅರ್ಧ ಚಿಕಿತ್ಸೆ.

ಇನ್ನೊಂದು ಮಾತು ನಮ್ಮ ಕಡೆಗೇ ತಿರುಗುವಂಥದು. 2012ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ದುಡಿಯುತ್ತಿದ್ದ, ಓದುತ್ತಿದ್ದ ಈಶಾನ್ಯ ರಾಜ್ಯಗಳ ಸಾವಿರಾರು ತರುಣರು ಹಲ್ಲೆಯ ವದಂತಿಗೆ ಹೆದರಿ ರಾತ್ರೋರಾತ್ರಿ ರೈಲು ಹತ್ತಿದರು. ವದಂತಿ ಸುಳ್ಳಾಗಿತ್ತು. ಆದರೆ ಅದನ್ನು ನಂಬುವಷ್ಟು ಭಯ ಅವರ ಎದೆಯಲ್ಲಿ ಮೊದಲೇ ಇತ್ತಲ್ಲವೇ? ಅವರ ಮುಖ ನೋಡಿ ‘ಚೀನಾದವನು’ ಎಂದು ಕರೆದವರು ನಮ್ಮ ಬೀದಿಯವರೇ. ಕೊರಿಯನ್ ಅಜ್ಜಿಗಾಗಿ ಕಣ್ಣೀರಿಡುವ ಮುನ್ನ ನಮ್ಮ ಪಕ್ಕದ ಬಾಡಿಗೆಮನೆಯಲ್ಲಿರುವ ಹುಡುಗನ ಹೆಸರೇನೆಂದು ಕೇಳಿ ತಿಳಿಯುವುದು ಲೇಸು.

‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ನಾವು ಇಂದೂ ಬಿಟ್ಟಿಲ್ಲ. ಮಕ್ಕಳಿಗೆ ಹೇಳುತ್ತಲೇ ಇದ್ದೇವೆ. ಆದರೆ ಈಗ ಅದರ ಜೊತೆಗೆ ಒಂದು ಮಾತನ್ನು ಸೇರಿಸುತ್ತೇವೆ. ತಾಳುವವನ ಪಕ್ಕದಲ್ಲಿ ಕೇಳುವವನೊಬ್ಬ ಇರಬೇಕು. ಇಂದು ಸಂಜೆ ದೀಪ ಹಚ್ಚಿದ ಮೇಲೆ, ನಿಮ್ಮ ಮನೆಯ ಹಿರಿಯರ ಬಳಿ ಸ್ವಲ್ಪ ಹೊತ್ತು ಕುಳಿತು, ಅವರು ಇದುವರೆಗೆ ಹೇಳದೆ ಉಳಿಸಿಕೊಂಡದ್ದನ್ನು ಕೇಳಿರಿ. ಸರ್ವರಿಗೂ ಶುಭವಾಗಲಿ.